ತಾಯಂದಿರ ಸೂಜಿ: ಸೊಲ್ಲಾಪುರ ಸೀಮೆಯ ಮನೆಹೊಲಿಗೆ ಮತ್ತು ನಮ್ಮ ಶಾಲೆ

ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಶಾಲೆಯ ಇತಿಹಾಸದ ಯಾವುದಾದರೊಂದು ಮುಖವನ್ನು ಕುರಿತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಹಿರಿಯರು ಅಪ್ಪಣೆ ಮಾಡಿದಾಗ ನಾನು ಮೊದಲು ಮಾಡಿದ ಕೆಲಸವೆಂದರೆ ಹಳೆಯ ಜಮಾ-ಖರ್ಚಿನ ಪುಸ್ತಕಗಳನ್ನು ಬಿಚ್ಚಿ ನೋಡಿದ್ದು. ವಾರ್ಷಿಕ ಸ್ನೇಹಸಮ್ಮೇಳನದ, ನಮ್ಮ ಬಾಯಲ್ಲಿ 'ಗ್ಯಾದರಿಂಗ್'ನ, ಖರ್ಚಿನ ಪುಟಗಳು ಅವುಗಳಲ್ಲಿ ಸಾಕಷ್ಟಿವೆ. ಪರದೆಯ ಬಾಡಿಗೆ, ಗ್ಯಾಸ್‌ಬತ್ತಿಯ ಬಾಡಿಗೆ, ಪೇಟಿ-ತಬಲಾದವರ ಬಿದಾಯಿ, ಮಕ್ಕಳಿಗೆ ಹಂಚಿದ ಚುರಮುರಿ, ಅತಿಥಿಗಳ ಹಾರತುರಾಯಿ, ಎಲ್ಲವೂ ಆಣೆ-ಪೈಗಳ ಲೆಕ್ಕದಲ್ಲಿ ದಾಖಲಾಗಿವೆ. ವೇಷಭೂಷಣದ ಖರ್ಚು ಮಾತ್ರ ಬಹುಪಾಲು ವರ್ಷಗಳಲ್ಲಿ ಕಾಣುವುದಿಲ್ಲ. ಬಸವಣ್ಣ, ಅಕ್ಕಮಹಾದೇವಿ, ಕಿತ್ತೂರ ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ ಇವರೆಲ್ಲ ಪ್ರತಿವರ್ಷ ನಮ್ಮ ರಂಗದ ಮೇಲೆ ಬಂದುಹೋಗಿದ್ದಾರೆ. ಅವರ ಉಡುಪಿಗೆ ಶಾಲೆ ಬಿಡಿಗಾಸನ್ನೂ ವ್ಯಯಿಸಿದಂತಿಲ್ಲ. ಕಾರಣ ಸರಳವಾದುದು. ಆ ಬಟ್ಟೆಗಳೆಲ್ಲ ಮನೆಗಳಲ್ಲಿ ಹೊಲಿದವು. ಹಣ ಕೈಬದಲಾಗದ ಕೆಲಸಕ್ಕೆ ಲೆಕ್ಕದ ಪುಸ್ತಕದಲ್ಲಿ ಸಾಲು ಇರುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಸಾಲಿಲ್ಲದ ಕೆಲಸ ಇತಿಹಾಸ ಬರೆಯುವವನ ಕಣ್ಣಿಗೂ ಬೀಳುವುದಿಲ್ಲ. ಆ ಖಾಲಿ ಬಿಟ್ಟುಹೋದ ಸಾಲಿನ ಕುರಿತು ಈ ಲೇಖನ.

ನಮ್ಮ ಸೀಮೆಯಲ್ಲಿ ಸೂಜಿಗೆ ಹಳೆಯ ಗೌರವವುಂಟು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬೊಬ್ಬ ವಚನಕಾರನಿದ್ದಾನೆ. ಹೆಸರಿನಲ್ಲಿಯೇ ಅವನ ಕಸುಬಿದೆ. ಪಶ್ಚಿಮ ದಿಕ್ಕಿಗೆ ಕೆಲವೇ ಹರದಾರಿ ಹೋದರೆ ಪಂಢರಪುರ. ಅಲ್ಲಿಯ ಸಂತ ನಾಮದೇವ ಶಿಂಪಿಗರ ಕುಲದವನು. ಕನ್ನಡ ಮತ್ತು ಮರಾಠಿ ಎರಡೂ ಭಕ್ತಿಪರಂಪರೆಗಳು ಬಟ್ಟೆ ಹೊಲಿಯುವವನನ್ನು ತಮ್ಮ ಪಂಕ್ತಿಯಲ್ಲಿ ಕುಳ್ಳಿರಿಸಿಕೊಂಡಿರುವ ನೆಲ ಇದು. ಆದರೆ ಇವರಿಬ್ಬರೂ ಗಂಡಸರು, ಕಸುಬುದಾರರು. ಮನೆಯೊಳಗೆ, ಕಂಬದ ನೆರಳಿನಲ್ಲಿ ಕೂತು ಹೊಲಿದ ಹೆಣ್ಣುಮಗಳು ಕಸುಬುದಾರಳೆನಿಸಲಿಲ್ಲ. ಅವಳದು 'ಕೈಬಿಡುವಿನ' ಕೆಲಸವೆಂದೇ ಎಲ್ಲರೂ ತಿಳಿದರು. ಕೈಗೆ ಬಿಡುವು ಯಾವಾಗ ಇತ್ತೆಂದು ಯಾರೂ ಕೇಳಲಿಲ್ಲ.

ಆ ಮನೆಹೊಲಿಗೆಯಲ್ಲಿ ಮೊದಲು ಹೇಳಬೇಕಾದುದು ಕುಬಸ. ಗ್ರಂಥಸ್ಥ ಕನ್ನಡದ ಕುಪ್ಪಸವೇ ನಮ್ಮ ನಾಲಿಗೆಯಲ್ಲಿ ಕುಬಸವಾಗಿದೆ. ಗುಳೇದಗುಡ್ಡದ ಖಣವೆಂಬ ಅಗಲ ಕಿರಿದಾದ, ಅಂಚುಳ್ಳ ಬಟ್ಟೆಯ ಒಂದು ತುಂಡಿನಲ್ಲಿ ಒಬ್ಬಳ ಕುಬಸ ಆಗಬೇಕು. ಗುಂಡಿಯಿಲ್ಲ, ಕೊಂಡಿಯಿಲ್ಲ, ಮುಂಭಾಗದ ಎರಡು ತುದಿಗಳನ್ನು ಎದೆಯ ಕೆಳಗೆ ಗಂಟು ಹಾಕುವುದು. ಬಟ್ಟೆಯ ಅಂಚು ತೋಳಿನ ಅಂಚಾಗಿ ಬರುವಂತೆ ಮೊದಲೇ ಯೋಚಿಸಿ ಕತ್ತರಿಸಬೇಕು. ಕಂಕುಳಲ್ಲಿ ಕೂರಿಸುವ ಚಿಕ್ಕ ಚೌಕದ ತುಂಡು ತಪ್ಪಿದರೆ ರೊಟ್ಟಿ ಬಡಿಯುವಾಗ ತೋಳು ಏಳುವುದಿಲ್ಲ. ಕಾಗದದ ನಕ್ಷೆಯಾಗಲಿ ಅಳತೆಪಟ್ಟಿಯಾಗಲಿ ಇಲ್ಲದೆ ಗೇಣು-ಬೆರಳುಗಳ ಲೆಕ್ಕದಲ್ಲಿ ಈ ಕೆಲಸ ನಡೆಯುತ್ತಿತ್ತು. ಮುಂದೆ ಪೇಟೆಯ ದರ್ಜಿಯ ಬಳಿ ಹೊಲಿಸುವ ರೂಢಿ ಬಂದಾಗಲೂ ಹೆಂಗಸರು ಪರಗಂಡಸಿಗೆ ಮೈಯಳತೆ ಕೊಡದೆ ಹಳೆಯ ಕುಬಸವೊಂದನ್ನು ಅಳತೆಗೆಂದು ಕಳುಹಿಸುತ್ತಿದ್ದರು. ಚೊಚ್ಚಲ ಬಸುರಿಗೆ ತವರಿನವರು ಮಾಡುವ ಮಂಗಲಕಾರ್ಯಕ್ಕೇ 'ಕುಬಸ ಮಾಡುವುದು' ಎಂಬ ಹೆಸರು ಬಂದಿರುವುದನ್ನು ನೋಡಿದರೆ, ಒಂದು ಉಡುಪು ಒಂದು ಸಂಸ್ಕಾರಕ್ಕೆ ತನ್ನ ಹೆಸರನ್ನೇ ಕೊಡುವಷ್ಟು ದೊಡ್ಡದಾಗಿತ್ತೆಂಬುದು ಸ್ಪಷ್ಟವಾಗುತ್ತದೆ.

ಕೂಸು ಹುಟ್ಟಿದ ಮೇಲೆ ಕುಂಚಿಗೆ, ಕುಲಾವಿ. ತಲೆಯಿಂದ ಬೆನ್ನಿನವರೆಗೆ ಇಳಿಯುವ ಕುಂಚಿಗೆಯನ್ನು ಬಾಣಂತಿಯ ತಾಯಿಯೇ ಹೊಲಿಯಬೇಕೆಂಬುದು ಅಲಿಖಿತ ನಿಯಮ. ಅದರ ಅಂಚಿಗೆ ಮಣಿ, ಕನ್ನಡಿಚೂರು, ಕೈ ಕುದುರಿದವರಾದರೆ ಕಸೂತಿ. ಕಸೂತಿಯ ಗವಂತಿ, ಮುರಗಿ, ನೇಗಿ, ಮೆಂಥಿ ಎಂಬ ನಾಲ್ಕು ಹೊಲಿಗೆಗಳೂ ನೇಯ್ಗೆಯ ಎಳೆಗಳನ್ನು ಎಣಿಸಿ ಹಾಕುವಂಥವು. ಬಟ್ಟೆಯ ಮೇಲೆ ಮೊದಲೇ ಗೆರೆ ಬರೆದುಕೊಳ್ಳುವುದಿಲ್ಲ, ದಾರಕ್ಕೆ ಗಂಟು ಹಾಕುವುದಿಲ್ಲ. ತೇರು, ಗೋಪುರ, ತುಳಸಿಕಟ್ಟೆ, ಆನೆ ಎಲ್ಲವೂ ಲೆಕ್ಕದಿಂದಲೇ ಹುಟ್ಟಬೇಕು. ನನ್ನ ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಒಂದು ತೇರಿಗೆ ಎಷ್ಟು ಎಳೆ ಬೇಕು, ಸೆರಗಿನ ಅಗಲದಲ್ಲಿ ಅಂಥ ಎಷ್ಟು ತೇರುಗಳು ಕೂರುತ್ತವೆ ಎಂಬುದನ್ನು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಭಾಗಾಕಾರವನ್ನು ಶಾಲೆಯಲ್ಲಿ ಕಲಿತ ನನಗೆ ಅದು ಬಹುಕಾಲ ಬಾರದೇ ಹೋದುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಹರಿದುದು ಹಾಳಾಗುತ್ತಿರಲಿಲ್ಲ. ಸವೆದ ಇಳಕಲ್ ಸೀರೆ ಮಗಳ ಪರಕರವಾಗಿ, ಪರಕರ ಕೂಸಿನ ಅಂಗಿಯಾಗಿ, ಅಂಗಿ ಕೊನೆಗೆ ಕೌದಿಯ ಪದರಾಗಿ ಸೇರುತ್ತಿತ್ತು. ಬೇಸಿಗೆಯಲ್ಲಿ ಅಂಗಳದಲ್ಲಿ ಹಾಸಿದ ಕೌದಿಯ ನಾಲ್ಕು ಬದಿಗೂ ನಾಲ್ವರು ಕೂತು ಅಂಚಿನಿಂದ ನಡುವಿನತ್ತ ಹೊಲಿಯುತ್ತ ಬರುವ ದೃಶ್ಯ ನಮ್ಮ ಓರಗೆಯವರೆಲ್ಲರ ಕಣ್ಣಲ್ಲಿದೆ.

ಊರಿನ ಈ ಹೊಲಿಗೆಗೂ ಸೊಲ್ಲಾಪುರದ ಗಿರಣಿಗಳಿಗೂ ಇರುವ ಸಂಬಂಧವನ್ನು ಮರೆಯುವಂತಿಲ್ಲ. ಸೊಲ್ಲಾಪುರ ಸ್ಪಿನಿಂಗ್ ಆ್ಯಂಡ್ ವೀವಿಂಗ್ ಕಂಪನಿ, ಜನರ ಬಾಯಲ್ಲಿ 'ಜುನೀ ಮಿಲ್', 1877ರಲ್ಲಿ ಸ್ಥಾಪನೆಯಾಯಿತು. ಅದರ ಬೆನ್ನಿಗೆ ಬೇರೆ ಗಿರಣಿಗಳೂ ಎದ್ದವು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡ ಹಳ್ಳಿಗಳಿಂದ ಎಷ್ಟೋ ಮನೆತನಗಳು ಭೋಂಗಾದ ಸದ್ದಿಗೆ ಏಳುವ ಬದುಕಿಗೆ ಒಗ್ಗಿಕೊಂಡವು. ಗಿರಣಿಯ ಬಟ್ಟೆ ಅಗ್ಗವಾಗಿ ಮನೆಗೆ ಬಂದಿತು. ಅಂಗಿ, ಪೈರಣ, ಝಬಲಾಗಳ ಹೊಲಿಗೆ ಹೆಚ್ಚಿತು. ಎರಡನೆಯ ಮಹಾಯುದ್ಧದಲ್ಲಿ ಗಿರಣಿಗಳ ಉತ್ಪನ್ನ ಸೈನ್ಯದ ಅಗತ್ಯಗಳಿಗೆ ಹರಿದು, 1943ರಲ್ಲಿ ಬಟ್ಟೆ ಮತ್ತು ನೂಲಿನ ನಿಯಂತ್ರಣದ ಆಜ್ಞೆ ಹೊರಟಾಗ, ಬಟ್ಟೆ ನೇಯುವ ಊರಿನ ಮಗ್ಗುಲಲ್ಲಿದ್ದೂ ನಮ್ಮವರು ತೇಪೆಯ ಮೇಲೆ ತೇಪೆ ಹಚ್ಚಿದರು. ಒಳಮಡಿಕೆಯನ್ನು ನಾಲ್ಕು ಬೆರಳು ಹೆಚ್ಚು ಬಿಟ್ಟು ಹೊಲಿದು, ಮಗು ಬೆಳೆದಂತೆಲ್ಲ ಬಿಚ್ಚುತ್ತ ಹೋಗುವ ಜಾಣತನ ಆ ಕಾಲದಲ್ಲಿ ಮನೆಮನೆಗೂ ಬಂತೆಂದು ಹಿರಿಯರು ಹೇಳುತ್ತಿದ್ದರು. ನಾವು ತೊಟ್ಟ ಖಾಕಿ ಚಡ್ಡಿಗಳ ಕೆಳಗೆ ವರ್ಷಕ್ಕೊಂದು ಗೆರೆ ಮೂಡುತ್ತಿತ್ತು. ಮರದ ಬಳೆಗಳನ್ನು ಎಣಿಸಿದಂತೆ ಆ ಗೆರೆಗಳನ್ನು ಎಣಿಸಿ ಯಾವನು ಎಷ್ಟನೆಯ ಇಯತ್ತೆಯವನೆಂದು ಹೇಳಬಹುದಾಗಿತ್ತು.

ಹೊಲಿಗೆಯ ಯಂತ್ರ ಬಂದುದು ತಡವಾಗಿ. ಅಮೇರಿಕದ ಐಸಾಕ್ ಸಿಂಗರ್ ತನ್ನ ಯಂತ್ರಕ್ಕೆ 1851ರಲ್ಲಿ ಪೇಟೆಂಟ್ ಪಡೆದ. ಆ ಶತಮಾನ ಮುಗಿಯುವ ಮುನ್ನವೇ ಸಿಂಗರ್ ಯಂತ್ರಗಳು ಹಿಂದುಸ್ತಾನದ ಪೇಟೆಗಳಲ್ಲಿ ಮಾರಾಟವಾಗುತ್ತಿದ್ದವು. ಆದರೆ ಅವು ಮೊದಲು ಸೇರಿದ್ದು ದರ್ಜಿಯ ಅಂಗಡಿಯನ್ನು, ಗಂಡಸಿನ ಕಾಲಡಿಯನ್ನು. 1924ರಲ್ಲಿ ಯಂತ್ರಗಳ ವಿಷಯವಾಗಿ ಮಾತನಾಡುತ್ತ ಗಾಂಧೀಜಿಯವರು ಹೊಲಿಗೆ ಯಂತ್ರವೊಂದಕ್ಕೆ ತಮ್ಮ ಆಕ್ಷೇಪದಿಂದ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಿಂದ ಹೊಲಿದು ಬಳಲುವುದನ್ನು ನೋಡಲಾರದೆ ಪ್ರೀತಿಯಿಂದ ಸಿಂಗರ್ ಅದನ್ನು ಕಂಡುಹಿಡಿದನೆಂಬುದು ಅವರು ಕೊಟ್ಟ ಕಾರಣ. ಸಿಂಗರನ ಸಂಸಾರದ ನಿಜಸಂಗತಿ ಅಷ್ಟೊಂದು ಮಧುರವಾಗಿರಲಿಲ್ಲವೆಂದು ಅವನ ಚರಿತ್ರೆ ಓದಿದವರು ಬಲ್ಲರು; ಆದರೂ ಗಾಂಧೀಜಿಯವರ ಕಣ್ಣು ಬಳಲಿದ ಹೆಣ್ಣಿನ ಮೇಲೆ ಬಿದ್ದಿತ್ತೆಂಬುದು ಮುಖ್ಯ. 1930ರ ದಶಕದ ನಡುವೆ ಕಲಕತ್ತೆಯಲ್ಲಿ ಆರಂಭವಾದ ಜೇ ಇಂಜಿನಿಯರಿಂಗ್ ವರ್ಕ್ಸ್ 'ಉಷಾ' ಯಂತ್ರಗಳನ್ನು ತಯಾರಿಸಿದ ಮೇಲೆ, ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಯಂತ್ರ ನಿಧಾನವಾಗಿ ಪಡಸಾಲೆಗೆ ಬಂತು. ನಮ್ಮ ಓಣಿಗೆ ಬಂದ ಮೊದಲನೆಯ ಯಂತ್ರ ಒಬ್ಬ ವಿಧವೆಯ ಮನೆಯದು. ಗಂಡ ತೀರಿದ ಮೇಲೆ ಆಕೆ ಅದರ ಮೇಲೆ ನಾಲ್ಕು ಮಕ್ಕಳನ್ನು ಸಾಕಿದರು. ಆ ನಾಲ್ವರೂ ನಮ್ಮ ಶಾಲೆಯವರೇ.

ಇನ್ನು ಶಾಲೆಯೊಳಗಣ ಹೊಲಿಗೆ. ಮುಂಬಯಿ ಪ್ರಾಂತದ ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆಗಳ ಪಾಠಕ್ರಮದಲ್ಲಿ ಹೊಲಿಗೆ-ಹೆಣಿಗೆಗೆ ಸ್ಥಾನವಿತ್ತು. "ಹುಡುಗಿಗೆ ಓದು ಯಾಕ?" ಎಂದು ಕೇಳುವ ಹಿರಿಯರ ಮುಂದೆ ಗುರುಗಳಿಗೆ ಅದೊಂದು ಉಪಯುಕ್ತ ಉತ್ತರವಾಗಿತ್ತು: ಅಕ್ಷರದ ಜೊತೆಗೆ ಸೂಜಿಯೂ ಬರುತ್ತದೆ, ನಾಳೆ ಗಂಡನ ಮನೆಯಲ್ಲಿ ಉಪಯೋಗಕ್ಕೆ ಬೀಳುತ್ತದೆ. ಈ ಮಾತನ್ನು ನಂಬಿ ಎಷ್ಟೋ ತಂದೆಯರು ಮಕ್ಕಳನ್ನು ಕಳುಹಿಸಿದರು. ಸೂಜಿ ಬಾಗಿಲು ತೆರೆಯಿತು, ನಿಜ. ಆದರೆ ಅದೇ ಸೂಜಿ ಬಾಗಿಲನ್ನು ಕಿರಿದಾಗಿಯೂ ಇಟ್ಟಿತೆಂಬುದನ್ನು ಶತಮಾನೋತ್ಸವದ ಸಂಭ್ರಮದಲ್ಲಿ ಮುಚ್ಚಿಡಬಾರದು. ನನ್ನ ತರಗತಿಯಲ್ಲಿ ಗಣಿತದಲ್ಲಿ ನನಗಿಂತ ಮುಂದಿದ್ದ ಹುಡುಗಿಯೊಬ್ಬಳಿದ್ದಳು. ಅವಳ ಹೊಲಿಗೆ ಅಚ್ಚು ಒತ್ತಿದಂತಿರುತ್ತಿತ್ತು. 'ಇಷ್ಟು ಚಂದ ಹೊಲೀತಾಳ, ಇನ್ನ ಓದೂದು ಏನೈತಿ' ಎಂದು ಏಳನೆಯ ಇಯತ್ತೆಗೇ ಅವಳನ್ನು ಬಿಡಿಸಿದರು. ಅವಳ ಜಾಣ್ಮೆಯೇ ಅವಳಿಗೆ ಮುಳುವಾಯಿತು. ಮುಂದೆ ಅವಳು ಸೊಲ್ಲಾಪುರದಲ್ಲಿ ನಗಕ್ಕಿಷ್ಟು ಎಂಬ ಲೆಕ್ಕದಲ್ಲಿ ಶಾಲಾ ಗಣವೇಷಗಳನ್ನು ಹೊಲಿದು ಬಾಳಿದಳು. ತಾನು ಹತ್ತದ ಎಷ್ಟು ಶಾಲೆಗಳ ಮೆಟ್ಟಿಲುಗಳನ್ನು ಅವಳು ಹೊಲಿದ ಬಟ್ಟೆಗಳು ಹತ್ತಿರಬಹುದು!

ಇದೇ ಕಾಲದಲ್ಲಿ ಸೊಲ್ಲಾಪುರದಲ್ಲಿಯೇ 1912ರಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರು ಸಿದ್ಧರಾಮೇಶ್ವರರ ಮೇಲೆ ಪುರಾಣ ಬರೆದು, 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಪ್ರಥಮ ಮಹಿಳಾ ಅಧ್ಯಕ್ಷರಾದರೆಂಬುದನ್ನು ನೆನೆದಾಗ ಹೆಮ್ಮೆಯೆನಿಸುತ್ತದೆ. ಆ ಹೆಮ್ಮೆಯ ಪಕ್ಕದಲ್ಲಿಯೇ ನನ್ನ ಸಹಪಾಠಿಯ ನೆನಪೂ ಬಂದು ಕೂರುತ್ತದೆ.

ಈಗ ಲೆಕ್ಕದ ಪುಸ್ತಕದಲ್ಲಿಲ್ಲದ ಆ ವೇಷಗಳ ವಿಷಯಕ್ಕೆ ಬರುತ್ತೇನೆ. ನಮ್ಮ ಸೀಮೆಯವರಿಗೆ ವೇಷ ಹೊಸದಲ್ಲ. ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರರ ಜಾತ್ರೆಯಲ್ಲಿ ಏಳು ನಂದಿಕೋಲುಗಳು ಹೊರಡುವಾಗ, ಹೊರುವವರು ತೊಡುವ ಬಿಳಿಯ ಬಾರಾಬಂದಿಯನ್ನು ಕಾಣದವರಿಲ್ಲ. ಹನ್ನೆರಡು ಕಸೆಗಳಿಂದ ಕಟ್ಟುವ ಅಂಗಿಯಾದುದರಿಂದ ಆ ಹೆಸರು. ಜಾತ್ರೆಯ ಮುಂಚಿನ ದಿನಗಳಲ್ಲಿ ಆ ಕಸೆಗಳನ್ನು ಹೊಲಿದು ಮಗುಚುವುದು ಮನೆಯ ಹೆಂಗಸರ ಪಾಲಿನ ಸೇವೆ. ಹಾಗೆಯೇ ಹಳ್ಳಿಗಳ ದೊಡ್ಡಾಟದ ಕಿರೀಟ, ಭುಜಕೀರ್ತಿಗಳಿಗೆ ಬೇಗಡೆ ಹಚ್ಚುವ ಕೈಗಳು ಇದ್ದವು. ಗಾಂಧಿ ಟೋಪಿಯನ್ನೂ ಮನೆಗಳಲ್ಲಿಯೇ ಹೊಲಿಯುತ್ತಿದ್ದರು. 1930ರ ಮೇ ತಿಂಗಳಲ್ಲಿ ಸೊಲ್ಲಾಪುರದ ಮೇಲೆ ಮಾರ್ಷಲ್ ಲಾ ಹೇರಿ, ಮುಂದಿನ ವರ್ಷ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ, ಕುರ್ಬಾನ್ ಹುಸೇನ್ ಈ ನಾಲ್ವರನ್ನು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಿದ ನಾಡು ಇದು. ಇಲ್ಲಿ ಒಂದು ಬಿಳಿ ಟೋಪಿ ಬರಿಯ ಟೋಪಿಯಾಗಿರಲಿಲ್ಲ.

ಶಾಲೆಯ ನಾಟಕಕ್ಕೆ ಮಾತ್ರ ಬೇರೊಂದು ತೊಡಕಿತ್ತು. 1956ರಲ್ಲಿ ಬಿಜಾಪುರ, ಧಾರವಾಡ, ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿದವು. ನಾವು ಮುಂಬಯಿ ರಾಜ್ಯದಲ್ಲಿ, 1960ರಿಂದ ಮಹಾರಾಷ್ಟ್ರದಲ್ಲಿ ಉಳಿದೆವು. ಪೇಟೆಯಲ್ಲಿ ವೇಷ ಬಾಡಿಗೆಗೆ ಕೊಡುವವರ ಪೆಟ್ಟಿಗೆಗಳಲ್ಲಿ ಶಿವಾಜಿ ಮಹಾರಾಜರ, ಮಾವಳೆಗಳ, ವಿಠ್ಠಲ-ರಖುಮಾಯಿಯರ ಉಡುಪುಗಳು ಧಾರಾಳವಾಗಿದ್ದವು. ಅದು ತಪ್ಪೇನಲ್ಲ, ಗಿರಾಕಿ ಕೇಳಿದ್ದನ್ನು ಅಂಗಡಿ ಇಡುತ್ತದೆ. ಆ ವೇಷಗಳನ್ನು ನಾವೂ ಸಂತೋಷದಿಂದ ತೊಟ್ಟಿದ್ದೇವೆ. ಕೇಳಿದರೂ ಸಿಗದಿದ್ದುದು ಚೆನ್ನಮ್ಮ, ರಾಯಣ್ಣರ ವೇಷ.

ನಾನು ಆರನೆಯ ಇಯತ್ತೆಯಲ್ಲಿದ್ದ ವರ್ಷ ರಾಯಣ್ಣನ ನಾಟಕ ನಿಶ್ಚಯವಾಗಿ ನನಗೆ ರಾಯಣ್ಣನ ಪಾತ್ರ ಬಂದಿತ್ತು. ಹೇಗೋ ನಡೆದೀತೆಂದು ಗುರುಗಳು ಪೇಟೆಯಿಂದ ಒಂದು ಪೆಟ್ಟಿಗೆ ತರಿಸಿದರು. ಗ್ಯಾದರಿಂಗ್‌ಗೆ ನಾಲ್ಕು ದಿನವಿದೆ ಎನ್ನುವಾಗ ಅದನ್ನು ತೆರೆದು ನನಗೆ ತೊಡಿಸಿ ನೋಡಿದರು. ಅಳತೆ ನೋಡಲೆಂದು ಬಂದಿದ್ದ ನನ್ನ ಆಯಿ ಒಂದು ಗಳಿಗೆ ಸುಮ್ಮನಿದ್ದು, "ಗುರುಗಳ, ಇದು ಮಾವಳೆ ವೇಷ ಐತ್ರಿ. ನಮ್ಮ ರಾಯಣ್ಣ ಹಿಂಗ ಇದ್ನೇನ್ರಿ?" ಎಂದಳು. ಗುರುಗಳು ನಕ್ಕು, "ರಾಯಣ್ಣ ಹ್ಯಾಂಗಿದ್ದ ಅಂತ ನಾ ನೋಡೀನೇನಬೇ ಆಯಿ? ಮಕ್ಕಳ ನಾಟಕ, ನಡೀತದ" ಎಂದರು. ಆಯಿ, "ನಡ್ಯೂದಿಲ್ರಿ" ಎಂದಷ್ಟೇ ಹೇಳಿ ಮನೆಗೆ ಹೋದಳು.

ಆ ಸಂಜೆಯಿಂದ ಮೂರು ರಾತ್ರಿ ವಿಧವೆಯ ಮನೆಯ ಯಂತ್ರ ನಿಲ್ಲಲಿಲ್ಲ. ನಮ್ಮ ಅವ್ವ, ಚಿಗವ್ವ, ಓಣಿಯ ಇನ್ನೂ ಐದಾರು ಮಂದಿ ಕಂದೀಲಿನ ಸುತ್ತ ಕೂತರು. ರಾಯಣ್ಣನ ಅಂಗಿಗೆ ಅಜ್ಜನ ಹಳೆಯ ಧೋತರ. ಹೆಗಲಿಗೆ ಕುರುಬರ ಮನೆಯಿಂದ ತಂದ ಕರಿಕಂಬಳಿ. ರುಮಾಲಿಗೆ ಯಾರದೋ ಕೆಂಪು ಸೀರೆಯ ಸೆರಗು. ಚೆನ್ನಮ್ಮನಿಗೆ ಅವ್ವನ ಧಾರೆಯ ಸೀರೆಯನ್ನು ಕಚ್ಚೆ ಹಾಕಿ ಉಡಿಸುವುದೆಂದಾಯಿತು. ಖಣದ ಕುಬಸವನ್ನು ಹನ್ನೊಂದು ವರ್ಷದ ಹುಡುಗಿಯ ಮೈಗೆ ತಕ್ಕಂತೆ ಕತ್ತರಿಸದೆಯೇ ಕಿರಿದು ಮಾಡಬೇಕಿತ್ತು, ಏಕೆಂದರೆ ಮರುದಿನ ಅದನ್ನು ಉಡುವವಳು ಉಡಬೇಕು. ಒಳಗಿನಿಂದ ಉದ್ದುದ್ದ ಹೊಲಿಗೆ ಹಾಕಿ ಮಡಿಕೆಗಳನ್ನು ಹಿಡಿದರು; ಒಂದು ದಾರ ಎಳೆದರೆ ಎಲ್ಲವೂ ಬಿಚ್ಚಿಕೊಳ್ಳುವಂತೆ. ಥ್ಯಾಕರೆ ಸಾಹೇಬನ ಕೋಟು ಎಲ್ಲಕ್ಕಿಂತ ಕಷ್ಟದ್ದು. ಗಿರಣಿಯ ಕೆಂಪು ತುಂಡುಬಟ್ಟೆಗೆ ಹಿತ್ತಾಳೆ ಗುಂಡಿಗಳೆಂದು ಹುಣಸೆಬೀಜಕ್ಕೆ ಬೇಗಡೆ ಸುತ್ತಿ ಹೊಲಿದರು. ಕತ್ತಿಗಳಿಗೆ ಸಿಗರೇಟು ಪಾಕೀಟಿನ ಬೆಳ್ಳಿ ಹಾಳೆ.

ಹೊಲಿಯುತ್ತ ಅವರು ಪ್ರಶ್ನೆಗಳನ್ನು ಕೇಳಿದರು. ರಾಯಣ್ಣ ಯಾರ ಮಗ? ಚೆನ್ನಮ್ಮನ ಗಂಡ ಸತ್ತ ಮೇಲೆ ಆಕೆ ಕುಂಕುಮ ಹಚ್ಚುತ್ತಿದ್ದಳೋ ಇಲ್ಲವೋ, ನಾಟಕದಲ್ಲಿ ಹಚ್ಚಬೇಕೋ ಬಾರದೋ? ಕಿತ್ತೂರಿನ ಕಾಳಗ 1824ರಲ್ಲಿ, ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ ಎಂಬುದನ್ನು ನಾನು ನನ್ನ ಪಾಠದ ಪುಸ್ತಕದಿಂದ ಓದಿ ಹೇಳಿದೆ. "ಏಳು ವರ್ಷ ಆದಮ್ಯಾಲ? ಅಲ್ಲೀತನಕ ಏನ್ ಮಾಡ್ತಿದ್ದ?" ಎಂದು ಚಿಗವ್ವ ಕೇಳಿದಳು. ನನಗೆ ಗೊತ್ತಿರಲಿಲ್ಲ. ಮರುದಿನ ಗುರುಗಳನ್ನು ಕೇಳಿಕೊಂಡು ಬಂದು ಹೇಳಿದೆ. ಶಾಲೆಯ ಮುಖ ನೋಡದ ಐದಾರು ಹೆಂಗಸರು ಕಿತ್ತೂರಿನ ಇತಿಹಾಸವನ್ನು ಕಲಿತದ್ದು ಹೀಗೆ. ನಾನೂ ಸರಿಯಾಗಿ ಕಲಿತದ್ದು ಆಗಲೇ.

ಇತಿಹಾಸದ ವಿದ್ಯಾರ್ಥಿಯಾಗಿ ಒಂದು ಮಾತನ್ನು ಹೇಳಲೇಬೇಕು. ಆ ಉಡುಪು ರಾಯಣ್ಣನ ನಿಜವಾದ ಉಡುಪೆಂಬುದಕ್ಕೆ ಯಾವ ಆಧಾರವೂ ಇರಲಿಲ್ಲ. ತಮ್ಮೂರ ಕುರುಬರನ್ನು, ವಾಲೀಕಾರರನ್ನು ನೋಡಿ ಅವರು ಹಾಗೆ ಹೊಲಿದರು. ಗುರುಗಳ ಮಾತಿನಲ್ಲಿ ಸತ್ಯವಿತ್ತು. ಆದರೆ ಆಯಿಯ ಹಟ ವೇಷದ ನಿಖರತೆಗಾಗಿ ಇರಲಿಲ್ಲವೆಂದು ಈಗ ತೋರುತ್ತದೆ. ರಾಯಣ್ಣ ತಮ್ಮ ಓಣಿಯಿಂದಲೇ ಎದ್ದು ಹೋದವನಂತೆ ಕಾಣಬೇಕೆಂಬುದು ಅವಳ ಅಪೇಕ್ಷೆಯಾಗಿತ್ತು. ನಾನು ರಂಗಕ್ಕೆ ಬಂದಾಗ ಹಿಂದೆ ಕೂತಿದ್ದ ಕುರುಬರ ಮುದುಕರೊಬ್ಬರು, "ನಮ್ಮ ಕಂಬಳಿ ನೋಡ್ರೋ" ಎಂದು ಎದ್ದು ನಿಂತರು. ಆ ವರ್ಷದ ನಂತರ ಅವರ ಇಬ್ಬರು ಮೊಮ್ಮಕ್ಕಳು ನಮ್ಮ ಶಾಲೆಗೆ ಹೆಸರು ಹಚ್ಚಿದರು.

ಜಮಾ-ಖರ್ಚಿನ ಪುಸ್ತಕದಲ್ಲಿ ಆ ವರ್ಷದ ಪುಟವನ್ನು ಹುಡುಕಿದೆ. ಒಂದೇ ಸಾಲು ಇದೆ: ವೇಷದ ಪೆಟ್ಟಿಗೆ ವಾಪಸು, ಮುಂಗಡ ಜಮಾ.

ಈಚಿನ ದಶಕಗಳಲ್ಲಿ ಪರಿಸ್ಥಿತಿ ಬದಲಾಗಿದೆ. ದೊಡ್ಡ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಸೊಲ್ಲಾಪುರ ಇಂದು ಶಾಲಾ ಗಣವೇಷಗಳ ತಯಾರಿಕೆಗೆ ಹೆಸರಾಗಿದೆ. ಸಾವಿರಾರು ಯಂತ್ರಗಳು ಅಲ್ಲಿ ತಿರುಗುತ್ತವೆ, ಅವುಗಳ ಮುಂದೆ ಕೂತವರಲ್ಲಿ ಕನ್ನಡ ಮಾತಾಡುವ ಹೆಣ್ಣುಮಕ್ಕಳೂ ಇದ್ದಾರೆ. ಅವರ ಮಕ್ಕಳು ಸಿದ್ಧ ಉಡುಪು ತೊಟ್ಟು ಶಾಲೆಗೆ ಬರುತ್ತಾರೆ. ಖಾಕಿ ಚಡ್ಡಿಯ ಗೆರೆಗಳು ಈಗಿಲ್ಲ. ಬಡತನದ ಒಂದು ಗುರುತು ಅಳಿದುದಕ್ಕೆ ನನಗೆ ದುಃಖವೇನೂ ಇಲ್ಲ. ಮೊಬೈಲಿನಲ್ಲಿ ತರಿಸಿದರೆ ಚೆನ್ನಮ್ಮನ ವೇಷವೂ ಪ್ಲ್ಯಾಸ್ಟಿಕ್ ಚೀಲದಲ್ಲಿ ಮನೆಬಾಗಿಲಿಗೆ ಬರುತ್ತದೆ, ಖಡ್ಗ ಸಮೇತ.

ಶತಮಾನೋತ್ಸವದ ನಾಟಕದ ತಾಲೀಮನ್ನು ನೋಡಲು ಕಳೆದ ವಾರ ಶಾಲೆಗೆ ಹೋಗಿದ್ದೆ. ಹಾಗೆ ತರಿಸಿದ ಚೆನ್ನಮ್ಮನ ಕುಬಸ ಹುಡುಗಿಗೆ ದೊಡ್ಡದಾಗಿ ಹೆಗಲಿನಿಂದ ಜಾರುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಅವಳ ತಾಯಿ, ಗಣವೇಷದ ಕಾರ್ಖಾನೆಯಿಂದ ನೇರವಾಗಿ ಬಂದವರು, ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿಯನ್ನು ತೆಗೆದರು. ಹುಡುಗಿಯನ್ನು ಬೆಳಕಿಗೆ ತಿರುಗಿಸಿ, ಒಳಗಿನಿಂದ ಉದ್ದುದ್ದ ಹೊಲಿಗೆ ಹಾಕತೊಡಗಿದರು. ನಾನು ಶಾಲೆಯ ಕಾರ್ಯದರ್ಶಿಗಳನ್ನು ಕೇಳಿಕೊಂಡು, ಕಾರ್ಯಕ್ರಮ ಪತ್ರಿಕೆಯಲ್ಲಿ ದಿಗ್ದರ್ಶನ, ಸಂಗೀತ, ಬೆಳಕು ಇವುಗಳ ಕೆಳಗೆ ಇನ್ನೊಂದು ಸಾಲಿಗೆ ಜಾಗ ಬಿಡಿಸಿದ್ದೇನೆ. ಆ ತಾಯಿ ತಮ್ಮ ಹೆಸರು ಬೇಡವೆಂದರು. ಅವರ ಮಗಳು ಬೇಕೆಂದಿದ್ದಾಳೆ.